ಕಾಯಿಲೆ ನಮ್ಮದು, ಅದನ್ನು ಓದುವವರೂ ನಮ್ಮವರಾಗಲಿ

1957ರ ಬೇಸಿಗೆ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬೀಳತೊಡಗಿದವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ಜನ ತಲೆ ಎತ್ತಲಾರದಂಥ ಜ್ವರದಲ್ಲಿ ಮಲಗಿದರು. ಮಂಗನೂ ಮನುಷ್ಯನೂ ಒಟ್ಟಿಗೆ ನರಳುವುದನ್ನು ಕಂಡು, ಆಫ್ರಿಕಾದ ಹಳದಿ ಜ್ವರವೇನಾದರೂ ಭಾರತಕ್ಕೆ ಕಾಲಿಟ್ಟಿತೇ ಎಂದು ಹೊರಗಿನ ಪ್ರಪಂಚವೂ ಗಾಬರಿಗೊಂಡಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ವಿಜ್ಞಾನಿಗಳು ಮಲೆನಾಡಿಗೆ ಓಡಿಬಂದರು. ಸತ್ತ ಮಂಗದಿಂದ ಅವರು ಬೇರ್ಪಡಿಸಿದ ವೈರಾಣು ಜಗತ್ತಿಗೆ ಹೊಸದು. ಅದಕ್ಕೆ ನಮ್ಮ ಕಾಡಿನ ಹೆಸರೇ ಬಂತು. ಪುಸ್ತಕಗಳಲ್ಲಿ ಅದು ಕ್ಯಾಸನೂರು ಕಾಡಿನ ಕಾಯಿಲೆ, ನಮ್ಮ ಬಾಯಲ್ಲಿ ಮಂಗನ ಕಾಯಿಲೆ.

ಅಂದು ಕೆಲಸ ಮಾಡಿದ ರೀತಿಯನ್ನು ಇಂದಿನ ತರುಣರು ತಿಳಿಯಬೇಕು. ಟೆಲ್ಫರ್ಡ್ ವರ್ಕ್, ಟಿ. ರಾಮಚಂದ್ರ ರಾವ್, ಹೆರಾಲ್ಡ್ ಟ್ರಪಿಡೊ ಮೊದಲಾದವರ ತಂಡದಲ್ಲಿ ವೈದ್ಯರಿದ್ದರು, ಕೀಟಶಾಸ್ತ್ರಜ್ಞರಿದ್ದರು, ಪ್ರಾಣಿಶಾಸ್ತ್ರಜ್ಞರಿದ್ದರು. ಸಾಗರದಲ್ಲಿ ಕ್ಷೇತ್ರ ಕೇಂದ್ರ ತೆರೆದು ಅವರು ಇಲಿ, ಅಳಿಲು, ಹಕ್ಕಿ, ದನ, ಉಣುಗು ಎಲ್ಲವನ್ನೂ ಹುಡುಕಿ ನೋಡಿದರು. ಕಾಡು ಕಡಿದು ಗದ್ದೆ ಮಾಡಿದ್ದು, ಕಾಡಿನ ಅಂಚಿನಲ್ಲಿ ದನ ಮೇಯಿಸಿದ್ದು, ದನದ ಮೈಮೇಲೆ ಉಣುಗು ಬೆಳೆದದ್ದು, ಆ ಉಣುಗಿನ ಮರಿ ಮಂಗನನ್ನೂ ಮನುಷ್ಯನನ್ನೂ ಕಚ್ಚಿದ್ದು, ಈ ಕೊಂಡಿಗಳನ್ನು ಹೋರ್ಹೆ ಬೊಶೆಲ್ 1969ರಲ್ಲೇ ಬಿಡಿಸಿ ಬರೆದರು. ಇಂದು ದಿಲ್ಲಿಯಿಂದ ಜಿನೀವಾದವರೆಗೆ ‘ಒನ್ ಹೆಲ್ತ್’ ಎಂದು ಭಾಷಣ ಕೇಳಿಬರುತ್ತದೆ. ಮನುಷ್ಯ, ಪ್ರಾಣಿ, ಪರಿಸರ ಮೂರರ ಆರೋಗ್ಯವೂ ಒಂದೇ ಎಂಬ ಆ ಮಾತು ಹುಟ್ಟುವ ಎಷ್ಟೋ ವರ್ಷ ಮೊದಲೇ ಅದರ ಕೆಲಸ ಸಾಗರ, ಸೊರಬದ ಕಾಡುಗಳಲ್ಲಿ ನಡೆದಿತ್ತು.

ಆಮೇಲೆ ಏನಾಯಿತು? ಬಂದವರು ತಮ್ಮ ಕೆಲಸ ಮಾಡಿ ಹೋದರು. ರೋಗ ಮಾತ್ರ ಹೋಗಲಿಲ್ಲ. 2012ರ ಹೊತ್ತಿಗೆ ಬಂಡೀಪುರದಲ್ಲಿ ಕಾಣಿಸಿಕೊಂಡಿತು. ಅಲ್ಲಿಂದಾಚೆ ನೀಲಗಿರಿ, ವಯನಾಡು, ಗೋವೆಯ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ ಎಂದು ಪಶ್ಚಿಮ ಘಟ್ಟದ ಉದ್ದಕ್ಕೂ ಹೆಜ್ಜೆ ಇಟ್ಟಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಆಡಿದ ಆಟವನ್ನು ಮಲೆನಾಡು ಮರೆತಿಲ್ಲ. ಸೋಂಕು ತಗುಲಿದ ನೂರು ಜನರಲ್ಲಿ ಮೂರರಿಂದ ಐದು ಮಂದಿಯನ್ನು ಬಲಿ ತೆಗೆದುಕೊಳ್ಳುವ ಕಾಯಿಲೆ ಇದು. ಇದಕ್ಕೆಂದೇ ಇಂಥದೆಂಬ ಔಷಧಿ ಇವತ್ತಿಗೂ ಇಲ್ಲ. ಹಲವು ದಶಕಗಳಿಂದ ಕೊಡುತ್ತಿದ್ದ ಲಸಿಕೆಯ ಶಕ್ತಿ ಸಾಲದೆಂದು 2022ರಲ್ಲಿ ಅದನ್ನೂ ನಿಲ್ಲಿಸಲಾಯಿತು.

ಅರವತ್ತು ವರ್ಷ ದಾಟಿದೆ. ಈ ಅವಧಿಯಲ್ಲಿ ಮಲೆನಾಡಿನ ಜನ ರಕ್ತ ಕೊಟ್ಟಿದ್ದಾರೆ, ಸತ್ತ ಮಂಗಗಳ ಸುದ್ದಿ ಕೊಟ್ಟಿದ್ದಾರೆ, ತಮ್ಮವರ ಪ್ರಾಣವನ್ನೂ ಕೊಟ್ಟಿದ್ದಾರೆ. ಕಾಯಿಲೆ ನಮ್ಮ ಮಣ್ಣಿನದು, ನೋವು ನಮ್ಮ ಮನೆಗಳದ್ದು. ಅದನ್ನು ಅಕ್ಷರ ಬಿಡಿಸಿ ಓದಬಲ್ಲ ಮಕ್ಕಳನ್ನು ಇಲ್ಲೇ ತಯಾರು ಮಾಡುವ ಕೆಲಸವನ್ನು ಮಾತ್ರ ನಾವು ಇನ್ನೊಬ್ಬರ ಹೊಣೆ ಎಂದು ಬಿಟ್ಟುಕೊಟ್ಟಿದ್ದೇವೆ. ಈ ಬರಹ ಆ ಹೊಣೆಯನ್ನು ಮತ್ತೆ ಹೊರಲು ಒಂದು ಕರೆ.

ಅಕ್ಷರ ಎಂದೆ. ಪ್ರತಿ ಜೀವಿಯ ಒಳಗೂ ನಾಲ್ಕೇ ಅಕ್ಷರಗಳಲ್ಲಿ ಬರೆದ ಒಂದು ಬರಹವಿದೆ, ಅದೇ ಜೀನೋಮ್. ಮನುಷ್ಯನದು ಸುಮಾರು 300 ಕೋಟಿ ಅಕ್ಷರ. ಮಂಗನ ಕಾಯಿಲೆಯ ವೈರಾಣುವಿನದು ಹನ್ನೊಂದು ಸಾವಿರದ ಆಸುಪಾಸು. ಹಳೆಗನ್ನಡ ಕಾವ್ಯದ ಓಲೆಗರಿ ಪ್ರತಿಗಳನ್ನು ಸಂಪಾದಿಸಿದ ನಮ್ಮ ವಿದ್ವಾಂಸರನ್ನು ನೆನೆಯಿರಿ. ಒಬ್ಬ ಲಿಪಿಕಾರ ಒಂದು ಅಕ್ಷರ ತಪ್ಪಿದರೆ, ಅವನ ಪ್ರತಿಯನ್ನು ನೋಡಿ ಬರೆದವರೆಲ್ಲರಲ್ಲೂ ಆ ತಪ್ಪು ಉಳಿಯುತ್ತದೆ. ತಪ್ಪುಗಳನ್ನು ಹೋಲಿಸಿ, ಯಾವ ಪ್ರತಿ ಯಾವುದರಿಂದ ಹುಟ್ಟಿತು ಎಂಬ ವಂಶಾವಳಿಯನ್ನು ಅವರು ಬರೆದಿಟ್ಟರು. ವೈರಾಣುವೂ ತನ್ನನ್ನು ನಕಲು ಮಾಡಿಕೊಳ್ಳುವಾಗ ಅಕ್ಷರ ತಪ್ಪುತ್ತದೆ. ಆ ತಪ್ಪುಗಳನ್ನು ಜೋಡಿಸಿ ನೋಡಿದರೆ ಈ ವರ್ಷ ಸಿದ್ದಾಪುರದಲ್ಲಿ ಕಂಡದ್ದು ಅಲ್ಲೇ ಉಳಿದಿದ್ದ ವೈರಾಣುವೋ, ತೀರ್ಥಹಳ್ಳಿಯ ಕಡೆಯಿಂದ ಬಂದದ್ದೋ ಎಂದು ಹೇಳಬಹುದು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು 1957ರಿಂದ 2017ರವರೆಗಿನ ವೈರಾಣುಗಳನ್ನು ಹೀಗೇ ಹೋಲಿಸಿ, ಘಟ್ಟದುದ್ದಕ್ಕೂ ಅದು ಹರಡಿದ ದಾರಿಯನ್ನು 2020ರಲ್ಲಿ ಪ್ರಕಟಿಸಿದರು.

ಇದು ಬರೀ ಪಾಂಡಿತ್ಯದ ಮಾತಲ್ಲ. ನಾವು ಮಾಡುವ ಪಿಸಿಆರ್ ಪರೀಕ್ಷೆ ವೈರಾಣುವಿನ ಒಂದು ಸಣ್ಣ ತುಣುಕನ್ನು ಹುಡುಕುತ್ತದೆ. ಆ ತುಣುಕಿನಲ್ಲೇ ಅಕ್ಷರ ಬದಲಾದರೆ ರೋಗವಿದ್ದೂ ‘ನೆಗೆಟಿವ್’ ಎಂದು ಬರಬಹುದು. ಹಳೆಯ ಲಸಿಕೆ ತಯಾರಾದದ್ದು ರೋಗ ಪತ್ತೆಯಾದ ಕಾಲದ ವೈರಾಣುವಿನಿಂದ. ಹೊಸ ಲಸಿಕೆಯ ಪ್ರಯತ್ನ ನಡೆದಿರುವಾಗ, ಇಂದು ಕಾಡಿನಲ್ಲಿ ಓಡಾಡುತ್ತಿರುವ ವೈರಾಣು ಅಂದಿನದಕ್ಕಿಂತ ಎಷ್ಟು ದೂರ ಸರಿದಿದೆ ಎಂದು ವರ್ಷ ವರ್ಷವೂ ನೋಡುತ್ತಿರಬೇಕು. ಉಣುಗಿನ ಹೊಟ್ಟೆಯಲ್ಲಿರುವ ರಕ್ತದ ಗುರುತು ಹಿಡಿದರೆ ಅದು ಕೊನೆಯದಾಗಿ ಕಚ್ಚಿದ್ದು ದನವನ್ನೋ ಇಲಿಯನ್ನೋ ಎಂದೂ ತಿಳಿಯಬಹುದು. ಉಣುಗು ಕಚ್ಚದಂತೆ ಮೈಗೆ ಸವರುವ ಡೀಪಾ ತೈಲವನ್ನು ಯಾವ ಊರಿಗೆ ಮೊದಲು ಮುಟ್ಟಿಸಬೇಕು, ಯಾವ ಕಾಡಿನಂಚಿನಲ್ಲಿ ದರಗು ಗುಡಿಸುವುದನ್ನು ನಿಲ್ಲಿಸಬೇಕು ಎಂಬ ತೀರ್ಮಾನಕ್ಕೆ ಇಂಥ ತಿಳಿವಳಿಕೆ ಬೇಕು.

ಆದರೆ ಯಂತ್ರಕ್ಕೆ ಕಾಡು ಗೊತ್ತಿಲ್ಲ. ಒಂದು ಮಾದರಿ ಕಾಡಿನಿಂದ ಕಂಪ್ಯೂಟರಿನವರೆಗೆ ಬರುವ ದಾರಿಯನ್ನು ಹತ್ತಿರದಿಂದ ನೋಡಿ. ಬೆಳಗಿನ ಇಬ್ಬನಿ ಆರಿದ ಮೇಲೆ ಬಿಳಿಯ ಫ್ಲಾನೆಲ್ ಬಟ್ಟೆಯೊಂದನ್ನು ತರಗೆಲೆಗಳ ಮೇಲೆ ನಿಧಾನವಾಗಿ ಎಳೆಯುತ್ತಾರೆ. ಸಾಸಿವೆಗಿಂತ ಸಣ್ಣ ಮರಿ ಉಣುಗುಗಳು ಬಟ್ಟೆಗೆ ಅಂಟುತ್ತವೆ. ಎಳೆಯುವವರ ಕಾಲುಚೀಲ ಪ್ಯಾಂಟಿನ ಮೇಲೇರಿರಬೇಕು, ಮೈಗೆ ತೈಲ ಸವರಿರಬೇಕು. ಚಿಮಟದಿಂದ ಒಂದೊಂದನ್ನೇ ಹಿಡಿದು ಸೀಸೆಗೆ ಹಾಕಿ, ದಿನ, ಜಾಗ, ಹತ್ತಿರ ಮೇಯುತ್ತಿದ್ದ ದನ, ಸತ್ತಿದ್ದ ಮಂಗ ಎಲ್ಲವನ್ನೂ ಬರೆಯಬೇಕು. ಈ ವೈರಾಣುವಿನ ಬರಹ ಇರುವುದು ಆರ್‌ಎನ್‌ಎ ಎಂಬ ಬಹಳ ಬೇಗ ಮುರಿದುಹೋಗುವ ಎಳೆಯಲ್ಲಿ. ಏಪ್ರಿಲ್ ಬಿಸಿಲಿನಲ್ಲಿ ಮಂಗದ ಹೆಣ ಒಂದು ದಿನ ಬಿದ್ದಿದ್ದರೆ, ಸೀಸೆ ತಣ್ಣಗಿರದೆ ಬಸ್ಸಿನಲ್ಲಿ ನಾಲ್ಕು ಗಂಟೆ ಕುಳಿತರೆ, ಓದಲು ಉಳಿಯುವುದು ಚೂರುಪಾರು. ಸೀಸೆಯ ಮೇಲಿನ ಚೀಟಿಯಲ್ಲಿ ಊರಿನ ಹೆಸರು ತಪ್ಪಿದ್ದರೆ ಹನ್ನೊಂದು ಸಾವಿರ ಅಕ್ಷರ ಸರಿಯಾಗಿ ಓದಿಯೂ ಪ್ರಯೋಜನವಿಲ್ಲ. ಇಷ್ಟಕ್ಕೂ ಬೇಕಾದದ್ದು ಕಲಿತ ಕೈ. ಆ ಕೈ ಇಲ್ಲದಿದ್ದರೆ ಕೋಟಿ ರೂಪಾಯಿಯ ಯಂತ್ರ ಧೂಳು ತಿನ್ನುತ್ತಾ ಕೂರುತ್ತದೆ.

ಇನ್ನು ಸತ್ತ ಮಂಗದ ಸುತ್ತ ನಿಂತವರನ್ನು ನೋಡಿ. ಕಾಡು ಅರಣ್ಯ ಇಲಾಖೆಯದು. ಹೆಣ ಕೊಯ್ಯಬೇಕಾದವರು ಪಶುಸಂಗೋಪನಾ ಇಲಾಖೆಯ ವೈದ್ಯರು. ಹತ್ತಿರದ ಮನೆಗಳಲ್ಲಿ ಜ್ವರ ಇದೆಯೇ ಎಂದು ಕೇಳಬೇಕಾದವರು ಆರೋಗ್ಯ ಇಲಾಖೆಯವರು, ಅದರಲ್ಲೂ ಮನೆ ಮನೆ ಸುತ್ತುವ ಆಶಾ ಕಾರ್ಯಕರ್ತೆ. ಮೂವರ ಕೈಯಲ್ಲೂ ಒಂದೊಂದು ಕಡತ. ಆ ಮೂರು ಕಡತಗಳನ್ನು ಒಂದೇ ಮೇಜಿನ ಮೇಲೆ ಬಿಚ್ಚಿ, ಕಾಡಿನ ಭಾಷೆ, ಕೊಟ್ಟಿಗೆಯ ಭಾಷೆ, ಆಸ್ಪತ್ರೆಯ ಭಾಷೆ ಮೂರೂ ಬಲ್ಲ, ಅದರ ಮೇಲೆ ಜೀನೋಮಿನ ಅಕ್ಷರವನ್ನೂ ಬಲ್ಲ ತರುಣ ತರುಣಿ ನಮಗೆ ಬೇಕಾದದ್ದು. ಅವರನ್ನು ಯಾವ ಇಲಾಖೆ ನೇಮಿಸಿಕೊಳ್ಳುತ್ತದೆ? ಯಾವ ಇಲಾಖೆಯ ಪಟ್ಟಿಯಲ್ಲಿ ಅಂಥದೊಂದು ಹುದ್ದೆ ಇದೆ?

ಶಿವಮೊಗ್ಗ ಜಿಲ್ಲೆಯೊಂದನ್ನೇ ತೆಗೆದುಕೊಳ್ಳಿ. ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಪಶುವೈದ್ಯಕೀಯ ಕಾಲೇಜಿದೆ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ. ಸಾಗರದ ಹತ್ತಿರ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವಿದೆ. ಶಿವಮೊಗ್ಗ ಊರಿನಲ್ಲೇ ವೈರಾಣು ಪತ್ತೆ ಪ್ರಯೋಗಾಲಯವಿದೆ. ದೇಶದ ಎಷ್ಟು ಜಿಲ್ಲೆಗಳಿಗೆ ಈ ಭಾಗ್ಯ ಇದೆ? ಹೀಗಿದ್ದೂ ಎಂಬಿಬಿಎಸ್ ಓದುವ ಹುಡುಗಿ, ಪಶುವೈದ್ಯಕೀಯ ಓದುವ ಹುಡುಗ, ಜೀವಶಾಸ್ತ್ರದ ಎಂಎಸ್ಸಿ ವಿದ್ಯಾರ್ಥಿನಿ, ಕಂಪ್ಯೂಟರ್ ಸೈನ್ಸಿನ ಹುಡುಗ ನಾಲ್ವರೂ ಒಂದೇ ಬೆಂಚಿನಲ್ಲಿ ಕುಳಿತು ಮಂಗನ ಕಾಯಿಲೆಯನ್ನು ಕಲಿಯುವ ತರಗತಿ ಯಾವುದು? ಪ್ರಾಧ್ಯಾಪಕರೇ, ಕುಲಪತಿಗಳೇ, ಈ ಪ್ರಶ್ನೆ ನಿಮಗೆ.

ಮಂಗನ ಕಾಯಿಲೆ ಮಲೆನಾಡಿನ ಗೋಳು, ಬಯಲುಸೀಮೆಗೇನು ಎಂದು ಕೇಳುವವರಿಗೆ 2022ನ್ನು ನೆನಪಿಸುತ್ತೇನೆ. ಆ ವರ್ಷ ದನಗಳ ಮೈಯಲ್ಲೆಲ್ಲ ಗಂಟೆದ್ದವು. ಹಾಲು ಬತ್ತಿತು, ಕಾಲು ಊದಿತು, ಜಾತ್ರೆಗಳು ನಿಂತವು. ಸಾಲ ಮಾಡಿ ತಂದ ಹಸು ಕಣ್ಣೆದುರೇ ಸತ್ತಾಗ ರೈತ ಮಹಿಳೆಯರು ಕೊಟ್ಟಿಗೆಯಲ್ಲಿ ಕೂತು ಅತ್ತರು. ಚರ್ಮಗಂಟು ರೋಗ ದೇಶದಲ್ಲಿ ಬಲಿ ಪಡೆದ ರಾಸುಗಳು ಲಕ್ಷ ಮೀರಿದವು. ಇದೇ ರೋಗ 2019ರಲ್ಲಿ ಭಾರತದಲ್ಲಿ ಮೊದಲು ಕಂಡಾಗ ಇಷ್ಟು ಉಗ್ರವಾಗಿರಲಿಲ್ಲ. ಹಾಗಾದರೆ ಬದಲಾದದ್ದು ಏನು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉತ್ಪಲ್ ತಾತು ಅವರ ತಂಡ ಪಶುವೈದ್ಯರ ಜೊತೆ ಸೇರಿ ಕರ್ನಾಟಕವೂ ಸೇರಿ ನಾಲ್ಕು ರಾಜ್ಯಗಳ ರಾಸುಗಳಿಂದ ಮಾದರಿ ತಂದು ವೈರಾಣುವಿನ ಜೀನೋಮ್ ಓದಿತು. ಎರಡು ಬಗೆಯ ತಳಿ ಕಂಡವು. ಒಂದು 2019ರಲ್ಲಿ ಕಂಡದ್ದಕ್ಕೆ ಹತ್ತಿರದ್ದು. ಇನ್ನೊಂದರಲ್ಲಿ ಬದಲಾವಣೆಗಳು ರಾಶಿ ಬಿದ್ದಿದ್ದವು, ಅದು 2015ರಲ್ಲಿ ರಷ್ಯಾದಲ್ಲಿ ಹರಡಿದ್ದ ತಳಿಯನ್ನು ಹೋಲುತ್ತಿತ್ತು. ಕೊಟ್ಟಿಗೆಯಿಂದ ಪ್ರಯೋಗಾಲಯಕ್ಕೆ ಮಾದರಿ ತಲುಪಿ, ಇಬ್ಬರು ಬಲ್ಲವರು ಕೈಜೋಡಿಸಿದಾಗ ಸಿಕ್ಕ ಉತ್ತರ ಇದು. ಆದರೆ ಅಷ್ಟರಲ್ಲಿ ರಾಸುಗಳು ಸತ್ತಿದ್ದವು. ಉತ್ತರ ರೋಗದ ಹಿಂದೆ ಓಡುವ ಬದಲು ಮುಂದೆ ನಿಲ್ಲಬೇಕಾದರೆ, ಪ್ರತಿ ಜಿಲ್ಲೆಯ ಪಶು ಆಸ್ಪತ್ರೆಗೆ ಹತ್ತಿರದಲ್ಲೇ ಇಂಥ ಕಣ್ಣುಗಳಿರಬೇಕು.

ದನಕರು ಪ್ಲೇಗ್ ಎಂಬ ಮಹಾಮಾರಿಯನ್ನು 2011ರಲ್ಲಿ ಭೂಮಿಯಿಂದಲೇ ಅಳಿಸಿದ ಪಶುವೈದ್ಯರ ವಂಶದವರು ನಾವು. ಸಿಡುಬಿನ ಬಳಿಕ ಮನುಷ್ಯ ನಿರ್ಮೂಲ ಮಾಡಿದ ಎರಡನೆಯ ರೋಗ ಅದು. ಪಶುವೈದ್ಯಕೀಯ ಎಂದರೆ ವೈದ್ಯಕೀಯ ಸೀಟು ಸಿಗದವರ ಓದು ಎಂದು ಮೂಗು ಮುರಿಯುವ ಸಮಾಜ ಈ ಸಾಧನೆಯನ್ನು ಒಮ್ಮೆ ನೆನೆದುಕೊಳ್ಳಲಿ.

ಇನ್ನು ನೀರಿನ ಮಾತು. ಕೋವಿಡ್ ಕಾಲದಲ್ಲಿ ಬೆಂಗಳೂರಿನ 28 ಕೊಳಚೆ ನೀರು ಶುದ್ಧೀಕರಣ ಘಟಕಗಳಿಂದ ಮತ್ತೆ ಮತ್ತೆ ನೀರು ತಂದು ಸಂಶೋಧಕರು ವೈರಾಣುವಿನ ಅಂಶ ಅಳೆದರು, ಜೀನೋಮ್ ಓದಿದರು. ಪರೀಕ್ಷೆಗೆ ಹೋಗದವರು, ಲಕ್ಷಣವೇ ಇಲ್ಲದವರು, ಆಸ್ಪತ್ರೆಗೆ ಹೋಗಲು ದುಡ್ಡಿಲ್ಲದವರು ಎಲ್ಲರ ಲೆಕ್ಕವೂ ಆ ನೀರಿನಲ್ಲಿ ಇತ್ತು. ಅದೇ ನೀರಿನಲ್ಲಿ ಇನ್ನೊಂದು ಅಪಾಯವೂ ಹರಿಯುತ್ತಿದೆ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ. ಮನುಷ್ಯನಿಗೆ, ಕೋಳಿಗೆ, ಮೀನಿಗೆ ನಾವು ಎಗ್ಗಿಲ್ಲದೆ ಕೊಟ್ಟ ಆಂಟಿಬಯಾಟಿಕ್‌ಗಳನ್ನು ಸೋಲಿಸುವ ವಂಶವಾಹಿಗಳನ್ನು ಬ್ಯಾಕ್ಟೀರಿಯಾಗಳು ಒಂದಕ್ಕೊಂದು ದಾಟಿಸುತ್ತವೆ. ಕೊನೆಯ ಅಸ್ತ್ರವೆಂದು ವೈದ್ಯರು ತೆಗೆದಿಟ್ಟುಕೊಂಡ ಕೊಲಿಸ್ಟಿನ್ ಔಷಧಿಯನ್ನು ಕೋಳಿಗಳು ಬೇಗ ಬೆಳೆಯಲೆಂದು ಮೇವಿಗೆ ಬೆರೆಸುತ್ತಿದ್ದೆವು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. ನಿಷೇಧದ ಫಲ ಏನಾಯಿತೆಂದು ತಿಳಿಯಬೇಕಾದರೆ ಆಸ್ಪತ್ರೆಯ ಐಸಿಯು, ಕೋಳಿ ಫಾರಂ, ಅದರ ಕೆಳಗಿನ ಹಳ್ಳ ಮೂರೂ ಕಡೆಯ ಬ್ಯಾಕ್ಟೀರಿಯಾಗಳ ಜೀನೋಮನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಅದಕ್ಕೆ ಫಾರಂ ಮಾಲೀಕನ ವಿಶ್ವಾಸ ಗಳಿಸಬಲ್ಲವರು ಬೇಕು, ಹಳ್ಳಕ್ಕೆ ಇಳಿಯಬಲ್ಲವರು ಬೇಕು.

ಈಗ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿಲ್ಲ, ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ ಬೀದಿಯಲ್ಲಿ ಕೂರುತ್ತಾರೆ, ಇಂಥಲ್ಲಿ ಜೀನೋಮ್ ಯಾಕೆ? ಹೌದು, ವೈದ್ಯರು ಬೇಕು, ಆಶಾ ಕಾರ್ಯಕರ್ತೆಗೆ ಸರಿಯಾದ ಸಂಬಳ ಬೇಕು. ಅವರನ್ನು ಬಿಟ್ಟು ಜೀನೋಮ್ ಏನನ್ನೂ ಮಾಡಲಾರದು, ಒಬ್ಬನ ಜ್ವರವನ್ನೂ ಅದು ಇಳಿಸಲಾರದು. ಆದರೆ ಒಂದರ ಬಾಯಿಗೆ ಮಣ್ಣು ಹಾಕಿ ಇನ್ನೊಂದನ್ನು ಸಾಕಬೇಕು ಎಂಬ ಲೆಕ್ಕವನ್ನು ಬಡವರ ಮುಂದೆ ಮಾತ್ರ ಇಡುತ್ತಾರಲ್ಲ, ಅದು ಮೋಸ. ಆಶಾ ಕಾರ್ಯಕರ್ತೆ ತಂದ ಸುದ್ದಿಗೆ ಬೆಲೆ ಬರುವುದೇ ಆ ಸುದ್ದಿಯ ಜಾಡು ಹಿಡಿದು ಕೊನೆ ಮುಟ್ಟಿಸುವವರು ಹತ್ತಿರದಲ್ಲಿದ್ದಾಗ.

ಬಡ ದೇಶಗಳಿಗೆ ಇದು ನಿಲುಕದ್ದೆಂದು ಹೇಳುವವರು ಆಫ್ರಿಕಾದ ಕಡೆ ನೋಡಲಿ. 2015ರಲ್ಲಿ ಗಿನಿ ದೇಶದಲ್ಲಿ ಎಬೋಲಾ ಹಬ್ಬಿದಾಗ, ಅಂಗೈಯಲ್ಲಿ ಹಿಡಿಯಬಹುದಾದ ಯಂತ್ರಗಳನ್ನು ಸಾಮಾನ್ಯ ಲಗೇಜಿನಲ್ಲಿ ಒಯ್ದು, 142 ರೋಗಿಗಳ ಮಾದರಿಗಳಿಂದ ವೈರಾಣುವಿನ ಜೀನೋಮನ್ನು ಅಲ್ಲೇ ಓದಿದರು. ಮಾದರಿ ಕೈಗೆ ಬಂದ ಒಂದು ದಿನದೊಳಗೆ ಉತ್ತರ ಸಿಗುವಷ್ಟು ವೇಗ. ನೈಜೀರಿಯಾದ ಎಡೆ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ಕ್ರಿಶ್ಚಿಯನ್ ಹ್ಯಾಪಿ ಕಟ್ಟಿದ ಕೇಂದ್ರ ಹಲವು ಆಫ್ರಿಕನ್ ದೇಶಗಳ ತರುಣರಿಗೆ ಈ ವಿದ್ಯೆ ಕಲಿಸಿತು. 2020ರ ಮಾರ್ಚ್‌ನಲ್ಲಿ ಆ ಖಂಡದ ಮೊದಲ ಕೋವಿಡ್ ಜೀನೋಮ್ ಓದಿ ಜಗತ್ತಿಗೆ ಕೊಟ್ಟದ್ದು ಆ ಕೇಂದ್ರವೇ. 2021ರ ನವೆಂಬರ್ 24ರಂದು ದಕ್ಷಿಣ ಆಫ್ರಿಕಾ ಒಂದು ಹೊಸ ತಳಿಯ ಸುದ್ದಿಯನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಮುಟ್ಟಿಸಿತು. ಅದೇ ಒಮಿಕ್ರಾನ್. ಎಚ್ಚರಿಸಿದ್ದಕ್ಕೆ ಉಡುಗೊರೆಯಾಗಿ ಶ್ರೀಮಂತ ದೇಶಗಳು ಅವರ ವಿಮಾನಗಳನ್ನೇ ನಿಲ್ಲಿಸಿದವು. ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಪ್ರಕಟವಾದವು, ಎರಡೂ ನಮ್ಮ ಬೆಂಗಳೂರಿನಲ್ಲೇ. ಏನನ್ನು ಹುಡುಕಬೇಕೆಂದು ನಮಗೆ ಅಷ್ಟು ಬೇಗ ತಿಳಿದದ್ದು ಡರ್ಬನ್, ಗ್ಯಾಬೊರೋನ್‌ನಂಥ ಆಫ್ರಿಕಾದ ಊರುಗಳಲ್ಲಿ ಕಲಿತ ಕೈಗಳಿದ್ದುದರಿಂದ. ಅವರ ಋಣ ನಮ್ಮ ಮೇಲಿದೆ. ನಮ್ಮ ಕಾಡಿನಿಂದ, ಕೊಟ್ಟಿಗೆಯಿಂದ ಹೊರಡುವ ಅಪಾಯದ ಸುದ್ದಿಯನ್ನು ಲೋಕಕ್ಕೆ ಅಷ್ಟೇ ಬೇಗ ಮುಟ್ಟಿಸುವುದೇ ಆ ಋಣ ತೀರಿಸುವ ದಾರಿ.

ನಾವೂ ಒಂದು ಸಾರಿ ಎದ್ದು ನಿಂತಿದ್ದೆವು. 2020ರ ಡಿಸೆಂಬರ್‌ನಲ್ಲಿ ಕೋವಿಡ್ ವೈರಾಣುವಿನ ಜೀನೋಮ್ ಓದಲು ಹತ್ತು ಪ್ರಯೋಗಾಲಯಗಳನ್ನು ಕೂಡಿಸಿ ಇನ್ಸಾಕಾಗ್ ಎಂಬ ಜಾಲ ಕಟ್ಟಿದೆವು. ನಿಮ್ಹಾನ್ಸ್ ಸೇರಿದಂತೆ ಬೆಂಗಳೂರಿನ ಸಂಸ್ಥೆಗಳೂ ಅದರಲ್ಲಿದ್ದವು. ಆದರೆ ಎರಡನೆಯ ಅಲೆ ಬಂದೆರಗಿದಾಗ ಓದಬೇಕಾದದ್ದಕ್ಕೂ ಓದಿದ್ದಕ್ಕೂ ಅಜಗಜಾಂತರ. ನಮ್ಮದೇ ಅಂಕಿಅಂಶಗಳನ್ನು ನಮಗೆ ತೆರೆದು ಕೊಡಿ ಎಂದು 2021ರ ಏಪ್ರಿಲ್‌ನಲ್ಲಿ ನೂರಾರು ವಿಜ್ಞಾನಿಗಳು ಪ್ರಧಾನಿಗೆ ಮನವಿ ಬರೆಯಬೇಕಾಯಿತು. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ಅಲೆ ಇಳಿದ ಮೇಲೆ ಇನ್ನೊಂದು ಪಾಪ ಮಾಡಿದೆವು. ರಾತ್ರಿ ಹಗಲೆನ್ನದೆ ಪಿಸಿಆರ್ ಲ್ಯಾಬುಗಳಲ್ಲಿ ದುಡಿದ ಗುತ್ತಿಗೆ ಹುಡುಗ ಹುಡುಗಿಯರನ್ನು ಕರಾರು ಮುಗಿಯಿತೆಂದು ಮನೆಗೆ ಕಳಿಸಿದೆವು. ಒಂದು ಪೀಳಿಗೆಗೆ ಸಾಲುವ ಅನುಭವ ಅವರ ಕೈಬೆರಳಲ್ಲಿತ್ತು. ಅದನ್ನು ನಾವು ಚೆಲ್ಲಿದೆವು.

ಸಂಶೋಧನೆಗೆ ಇಳಿಯುವ ಮಗುವಿನ ಬದುಕನ್ನೂ ನೋಡೋಣ. 2023ರ ಜನವರಿಯಿಂದ ಜೂನಿಯರ್ ರಿಸರ್ಚ್ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ. ಅದಕ್ಕೂ ತರುಣ ಸಂಶೋಧಕರು ಪ್ರತಿಭಟನೆಯ ದಾರಿ ಹಿಡಿಯಬೇಕಾಯಿತು. ಕಾಗದದ ಮೇಲಿನ ಮೊತ್ತ ಅದು. ಕೈಗೆ ಬರುವುದು ಎಷ್ಟೋ ಸಲ ತಿಂಗಳುಗಟ್ಟಲೆ ತಡ. ತೋಟದಲ್ಲಿ ಕೂಲಿ ಮಾಡಿ ಓದಿಸಿದ ತಾಯಿಗೆ ಮಗಳು ಹಬ್ಬಕ್ಕೆ ದುಡ್ಡು ಕಳಿಸಲಾಗದೆ, ಬಾಡಿಗೆಗೆ ಸ್ನೇಹಿತೆಯ ಬಳಿ ಸಾಲ ಕೇಳುತ್ತಾ, ಉಣುಗು ಹಿಡಿಯಲು ಕಾಡಿಗೆ ಹೋಗಬೇಕೆಂದರೆ ಅದು ವಿದ್ಯೆಗೆ ಮಾಡುವ ಅವಮಾನ. ಮಂಗನ ಕಾಯಿಲೆಯ ವೈರಾಣು ಪ್ರಯೋಗಾಲಯದೊಳಗೂ ಕೆಲಸಗಾರರಿಗೆ ತಗುಲಿದ ಚರಿತ್ರೆ ಇದೆ. ಅಂಥ ಕೆಲಸಕ್ಕೆ ಕಳಿಸುವವರು ಮೊದಲು ಸುರಕ್ಷೆಯ ಪಾಠ ಹೇಳಿಕೊಡಬೇಕು, ವಿಮೆ ಮಾಡಿಸಬೇಕು, ಜ್ವರ ಬಂದರೆ ಯಾವ ಆಸ್ಪತ್ರೆ ಎಂದು ಮೊದಲೇ ಗೊತ್ತುಮಾಡಿರಬೇಕು. ಇದನ್ನು ಧರ್ಮದ ಕೆಲಸ ಎಂದುಕೊಳ್ಳಬೇಡಿ, ಇದು ಕನಿಷ್ಠ ಮರ್ಯಾದೆ.

ಮತ್ತೊಂದು ಪಾಠ ಯಂತ್ರದ ಕೈಪಿಡಿಯಲ್ಲಿ ಸಿಗುವುದಿಲ್ಲ. ಜೀನೋಮ್ ಓದುವವನು ಇನ್ನೊಬ್ಬರ ಒಳಮನೆಗೆ ಕಾಲಿಡುತ್ತಾನೆ. ಅಮೆರಿಕದ ಅರಿಜೋನಾದಲ್ಲಿ ಹಾವಸುಪಾಯ್ ಬುಡಕಟ್ಟಿನವರು ಮಧುಮೇಹದ ಅಧ್ಯಯನಕ್ಕೆಂದು 1990ರ ದಶಕದಲ್ಲಿ ರಕ್ತ ಕೊಟ್ಟರು. ಅದನ್ನು ಅವರ ಒಪ್ಪಿಗೆಯಿಲ್ಲದ ಬೇರೆ ವಿಷಯಗಳ ಸಂಶೋಧನೆಗೂ ಬಳಸಿದ್ದು ತಿಳಿದು ಅವರು ಕೋರ್ಟಿಗೆ ಹೋದರು. 2010ರಲ್ಲಿ, ಆ ರಕ್ತ ಪಡೆದಿದ್ದ ವಿಶ್ವವಿದ್ಯಾಲಯ ರಾಜಿ ಮಾಡಿಕೊಂಡು ಪರಿಹಾರ ಕೊಟ್ಟಿತು, ಉಳಿದ ರಕ್ತವನ್ನು ಮರಳಿಸಿತು. ದಕ್ಷಿಣ ಆಫ್ರಿಕಾದ ಸ್ಯಾನ್ ಜನರಂತೂ 2017ರಲ್ಲಿ ತಮ್ಮದೇ ಸಂಹಿತೆ ಬರೆದು, ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಇದ್ದರೆ ಮಾತ್ರ ನಮ್ಮ ಬಳಿ ಬನ್ನಿ ಎಂದು ಸಂಶೋಧಕರಿಗೆ ಷರತ್ತು ಹಾಕಿದರು. ಹತ್ತು ಸಾವಿರ ಭಾರತೀಯರ ಜೀನೋಮ್ ಓದಿದ ರಾಷ್ಟ್ರೀಯ ಯೋಜನೆಯ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿದೆ. ನಾಳೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ, ಯಲ್ಲಾಪುರದ ಸಿದ್ಧಿಯರ, ನಾಗರಹೊಳೆಯ ಜೇನು ಕುರುಬರ ಹಾಡಿಗೆ ಸೂಜಿ ಹಿಡಿದು ಹೋಗುವ ತರುಣ ಅವರ ಮಾತಿನಲ್ಲೇ ಕೂತು ಹೇಳಲಿ, ಈ ರಕ್ತ ಯಾಕೆ, ಎಲ್ಲಿಗೆ ಹೋಗುತ್ತದೆ, ಯಾರು ನೋಡುತ್ತಾರೆ, ‘ಬೇಡ’ ಎಂದರೆ ಏನೂ ಆಗುವುದಿಲ್ಲ ಎಂದು. ತಿಳಿದದ್ದನ್ನು ಮರಳಿ ಬಂದು ಕನ್ನಡದಲ್ಲಿ ಹೇಳಲಾರದವರು ಕನ್ನಡಿಗರ ರಕ್ತ ಕೇಳಲು ಅರ್ಹರಲ್ಲ.

ಹಾಗಾದರೆ ಮಾಡಬೇಕಾದದ್ದು ಏನು? ಬಾಯಿಮಾತು ಸಾಕು, ಲೆಕ್ಕಕ್ಕೆ ಬರೋಣ.

ಸರ್ಕಾರದವರೇ, ಮಲೆನಾಡಿನಲ್ಲಿ ಒಂದು ತರಬೇತಿ ಕೇಂದ್ರ ತೆರೆಯಿರಿ. ಹೊಸ ಕಟ್ಟಡ, ಶಿಲಾನ್ಯಾಸ, ಕಲ್ಲಿನ ಮೇಲೆ ಹೆಸರು ಯಾವುದೂ ಬೇಡ. ಇರುವ ಕಾಲೇಜುಗಳನ್ನೇ ಕೂಡಿಸಿ, ಎರಡು ವರ್ಷದ ಒಂದು ಓದು ಸಾಕು. ಮೊದಲ ಬೇಸಿಗೆ ಕಾಡಿನಲ್ಲಿ, ಮಳೆಗಾಲ ಪ್ರಯೋಗಾಲಯ ಮತ್ತು ಕಂಪ್ಯೂಟರಿನ ಮುಂದೆ, ಎರಡನೆಯ ಬೇಸಿಗೆ ತಾಲ್ಲೂಕು ಆಸ್ಪತ್ರೆ ಮತ್ತು ಪಶು ಆಸ್ಪತ್ರೆಯಲ್ಲಿ. ಫೆಲೋಶಿಪ್ ಪ್ರತಿ ತಿಂಗಳು ಒಂದನೇ ತಾರೀಖು ಬರಲಿ. ಓದು ಮುಗಿಸಿದವರಿಗೆ ಜಿಲ್ಲೆಗೊಂದರಂತೆ ಕಾಯಂ ಹುದ್ದೆ ಸೃಷ್ಟಿಸಿ. ಹನ್ನೊಂದು ತಿಂಗಳ ಕರಾರಿನ ಮೇಲೆ ಹನ್ನೊಂದು ಸಾವಿರ ಅಕ್ಷರ ಓದಿಸಬೇಡಿ.

ಆರೋಗ್ಯ, ಅರಣ್ಯ, ಪಶುಸಂಗೋಪನೆ ಮೂರೂ ಇಲಾಖೆಗಳ ಅಧಿಕಾರಿಗಳೇ, ಸತ್ತ ಮಂಗದ ಒಂದೇ ವರದಿ ಮೂವರ ಕೈಗೂ ಅದೇ ದಿನ ತಲುಪುವಂತೆ ಮಾಡಿ. ಕಲಿಯುವ ಮಕ್ಕಳಿಗೆ ಕಾಡಿಗೆ ಹೋಗುವ ಅನುಮತಿಯನ್ನು ಋತು ಮುಗಿದ ಮೇಲೆ ಕೊಡಬೇಡಿ. ಡಿಸೆಂಬರ್‌ನಲ್ಲಿ ಶುರುವಾಗುವ ರೋಗಕ್ಕೆ ಜೂನ್‌ನಲ್ಲಿ ಸಹಿಯಾದ ಕಾಗದದಿಂದ ಏನು ಉಪಯೋಗ?

ಹಿರಿಯ ವಿಜ್ಞಾನಿಗಳೇ, ನಿಮ್ಮಲ್ಲಿ ಅನೇಕರು ಹಳ್ಳಿಯಿಂದಲೇ ಬಂದವರು, ಕನ್ನಡ ಶಾಲೆಯಲ್ಲಿ ಓದಿದವರು. ಬೆಂಗಳೂರಿನ ನಿಮ್ಮ ಪ್ರಯೋಗಾಲಯದ ಬಾಗಿಲನ್ನು ಸಾಗರ, ಶಿರಸಿ, ಕೊಪ್ಪದ ಬಿಎಸ್ಸಿ ಮಕ್ಕಳಿಗೆ ಬೇಸಿಗೆ ರಜೆಯಲ್ಲಾದರೂ ತೆರೆಯಿರಿ. ಇಂಗ್ಲಿಷ್ ತೊದಲಿದ ಮಾತ್ರಕ್ಕೆ ಅವರನ್ನು ಹಿಂದೆ ಕೂರಿಸಬೇಡಿ. ಅವರು ತಂದ ಮಾದರಿಯಿಂದ ಪ್ರಬಂಧ ಹುಟ್ಟಿದರೆ ಅವರ ಹೆಸರು ಲೇಖಕರ ಸಾಲಿನಲ್ಲೇ ಇರಲಿ, ಕೊನೆಯ ಪುಟದ ಕೃತಜ್ಞತೆಗೆ ತಳ್ಳಬೇಡಿ.

ತಂದೆ ತಾಯಂದಿರೇ, ನಿಮ್ಮ ಮಗಳು ಸಾಫ್ಟ್‌ವೇರ್ ಬಿಟ್ಟು ಉಣುಗು, ಬಾವಲಿ, ಕೊಳಚೆ ನೀರು ಎಂದು ಹೊರಟರೆ ತಲೆ ಚಚ್ಚಿಕೊಳ್ಳಬೇಡಿ. 2018ರಲ್ಲಿ ಕೋಯಿಕ್ಕೋಡ್‌ನಲ್ಲಿ ನಿಪಾ ವೈರಾಣು ಕಾಣಿಸಿಕೊಂಡಾಗ ಅದನ್ನು ಗುರುತು ಹಿಡಿದದ್ದು ಮಣಿಪಾಲದ ಒಂದು ಪ್ರಯೋಗಾಲಯ. ಆ ಉತ್ತರ ತಡವಾಗಿದ್ದರೆ ಇನ್ನೆಷ್ಟು ಮನೆಗಳ ದೀಪ ಆರುತ್ತಿತ್ತೋ. ಅಂಥ ಕೆಲಸ ಮಾಡುವ ಮಗಳನ್ನು ಹೆತ್ತದ್ದಕ್ಕೆ ಊರಿಗೇ ಹೆಮ್ಮೆ ಇರಬೇಕು.

ತರುಣ ಗೆಳೆಯ ಗೆಳತಿಯರೇ, ಕೊನೆಯ ಮಾತು ನಿಮಗೆ. ಕಾಡಿನಂಚಿನಲ್ಲಿ ಹುಟ್ಟಿದ ನಿಮಗೆ ಯಾವ ಬೇಸಿಗೆಯಲ್ಲಿ ಯಾವ ಮರಕ್ಕೆ ಮುಸುವ ಬರುತ್ತದೆಂದು ಗೊತ್ತು. ಸೊಪ್ಪಿನ ಬೆಟ್ಟಕ್ಕೆ ಯಾರು ಯಾವಾಗ ಹೋಗುತ್ತಾರೆಂದು ಗೊತ್ತು. ಯಾವ ಮನೆಯ ಅಜ್ಜಿ ಜ್ವರ ಬಂದರೂ ಹೇಳುವುದಿಲ್ಲ ಎಂದೂ ಗೊತ್ತು. ಈ ತಿಳಿವಳಿಕೆ ಯಾವ ವಿಶ್ವವಿದ್ಯಾಲಯದಲ್ಲೂ ಸಿಗದು. ಜೀನೋಮಿನ ಅಕ್ಷರ ಕಲಿಯುವುದು ಅದಕ್ಕಿಂತ ಕಷ್ಟವಲ್ಲ, ಎರಡು ವರ್ಷದ ಮಾತು. ಸಾಧಾರಣ ಲ್ಯಾಪ್‌ಟಾಪ್, ಸಾರ್ವಜನಿಕವಾಗಿ ತೆರೆದಿಟ್ಟ ಜೀನೋಮ್ ಭಂಡಾರಗಳು, ಉಚಿತ ತಂತ್ರಾಂಶಗಳು ಇವತ್ತೇ ನಿಮ್ಮ ಕೈಗೆ ಸಿಗುತ್ತವೆ. ಯಾರಾದರೂ ಕರೆಯಲಿ ಎಂದು ಕಾಯಬೇಡಿ. ನಿಮ್ಮ ಕಾಲೇಜಿನ ಮೇಷ್ಟ್ರ ಬಳಿ ಹೋಗಿ, ಈ ವಿದ್ಯೆ ನಮಗೆ ಯಾಕೆ ಹೇಳಿಕೊಡುತ್ತಿಲ್ಲ ಎಂದು ಕೇಳಿ. ಉತ್ತರ ಸಿಗದಿದ್ದರೆ ಪ್ರಾಂಶುಪಾಲರನ್ನು ಕೇಳಿ, ಶಾಸಕರನ್ನು ಕೇಳಿ, ಬಜೆಟ್ ಮಂಡಿಸುವವರನ್ನು ಕೇಳಿ. ಈ ವರ್ಷದ ಡಿಸೆಂಬರ್‌ಗೂ ಮಂಗನ ಕಾಯಿಲೆ ತಪ್ಪದೆ ಬರುತ್ತದೆ. ಅದು ಬರುವ ಮೊದಲು ನೀವು ಕೇಳಲು ಶುರುಮಾಡಿ.